ಗುಜರಿಗೆ ಹಾಕು ಅಂದ ದೋಣಿ ಮತ್ತೆ ನೀರಿಗಿಳಿದದ್ದು

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಗುಜರಿಗೆ ಹಾಕು. ರಿವೆಟ್ ಹೊಡೆದ 14 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ, ನೀರಿಗಿಳಿಸಿ ಅರ್ಧ ಗಂಟೆಗೆ ಪಾದ ಮುಳುಗುವಷ್ಟು ನೀರು. ರಿಪೇರಿ ಮುಗಿಸಿ ಕಳೆದ ತಿಂಗಳು ಎರಡು ದಿನ ನೀರಿನಲ್ಲೇ ಕಟ್ಟಿಟ್ಟಿದ್ದೆ. ಒಳಗೆ ಸಿಕ್ಕಿದ್ದು ಒಂದು ಸ್ಪಂಜಿನಷ್ಟು ನೀರು.

ಮೊದಲು ಹೊರಗಿನಿಂದ ಸಿಲಿಕೋನ್ ಬಳಿದು ಕೆಟ್ಟೆ. ತಿಂಗಳೊಳಗೆ ಸಿಪ್ಪೆಯಂತೆ ಎದ್ದು ಬಂತು. ಅದರ ಪಸೆ ಉಳಿದರೆ ಅದರ ಮೇಲೆ ಇನ್ನೇನೂ ಹಿಡಿಯುವುದಿಲ್ಲ. ಕೆರೆದು ತೆಗೆಯಲು ನಾಲ್ಕು ದಿನ ಬೇಕಾಯಿತು. ಆಮೇಲೆ ಕೀಲ್ (ತಳದ ನಡುವೆ ಉದ್ದಕ್ಕೂ ಹೋಗುವ ಏಣು) ಪಕ್ಕ ನಾಲ್ಕು ಇಂಚು ಟಿಗ್ ವೆಲ್ಡಿಂಗ್ ಮಾಡಿಸಿದೆ. ತಗಡು ಒಂದೂವರೆ ಮಿಲಿಮೀಟರ್ ಇದ್ದೀತು. ಕಾವಿಗೆ ಸೊಟ್ಟಗಾಗಿ ಅಕ್ಕಪಕ್ಕದ ರಿವೆಟ್‌ಗಳೂ ಸಡಿಲವಾದವು. ಸಂದಿನಲ್ಲಿ ನೀರು ತಡೆಯಲು ತುಂಬಿದ್ದ ಹಳೇ ಸೀಲಂಟ್ ಸುಟ್ಟು ಬೆಸುಗೆಯ ತುಂಬ ಸಣ್ಣ ತೂತು. ಒಟ್ಟು ಖರ್ಚಿನ ಮೂರನೇ ಒಂದು ಪಾಲು ಇವೆರಡಕ್ಕೇ ಹೋಯಿತು.

ಕೊನೆಗೆ ದೋಣಿಯನ್ನು ಟ್ರೇಲರ್ ಮೇಲಿಟ್ಟು, ಒಳಗೇ ನಾಲ್ಕು ಇಂಚು ನೀರು ತುಂಬಿ, ಹೊರಗೆ ಹನಿ ಕಂಡಲ್ಲೆಲ್ಲ ಮಾರ್ಕರ್‌ನಿಂದ ಗುರುತು ಹಾಕಿದೆ. ತಳಕ್ಕೆ ದಿಮ್ಮಿ ಕೊಡದೆ ತುಂಬಬೇಡಿ, ಆ ನೀರೇ 400 ಕೆಜಿ ತೂಗುತ್ತದೆ. ಸುಮಾರು 60 ರಿವೆಟ್ ಸೋರುತ್ತಿದ್ದವು. ಹೆಚ್ಚಿನವು ಮತ್ತೆ ಬಡಿದಾಗಲೇ ಬಿಗಿಯಾದವು: ಹೊರಗೆ ಏರ್ ಹ್ಯಾಮರ್, ಒಳಗೆ ಬಕಿಂಗ್ ಬಾರ್ (ರಿವೆಟ್ ತುದಿಗೆ ಆನಿಸುವ ಭಾರದ ಕಬ್ಬಿಣದ ತುಂಡು) ಒತ್ತಿ ಹಿಡಿಯಲು ಗೆಳೆಯ. ತೀರಾ ಸವೆದ ಇಪ್ಪತ್ತು ಚಿಲ್ಲರೆಯನ್ನು ಕೊರೆದು ತೆಗೆದು, ಒಂದು ಸೈಜ್ ದೊಡ್ಡ ಗಟ್ಟಿ ರಿವೆಟ್ ಹಾಕಿದೆ. ಒಂದೇ ಬದಿಯಿಂದ ಗನ್‌ನಲ್ಲಿ ಎಳೆದು ಕೂರಿಸುವ ಟೊಳ್ಳು ಪಾಪ್ ರಿವೆಟ್ ಹಾಕಲೇಬೇಕೆಂದರೆ ತುದಿ ಮುಚ್ಚಿದ್ದೇ ಬೇಕು. ಮಾಮೂಲಿಯದರ ನಡುವಿಂದಲೇ ನೀರು ಬರುತ್ತದೆ.

ಆಮೇಲೆ ಒಳಗಿನಿಂದ ಎಪಾಕ್ಸಿ, ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು. ಯಾರೂ ನಂಬದೇ ಇದ್ದದ್ದು ಇದನ್ನೇ. ಅಸಿಟೋನ್‌ನಿಂದ ಜಿಡ್ಡು ತೆಗೆದು, ಹೊಸ ಸ್ಟೇನ್‌ಲೆಸ್ ಬ್ರಶ್‌ನಿಂದ ಉಜ್ಜಿ, ಒರೆಸಿ, ತಡಮಾಡದೆ ಬಳಿಯಬೇಕು, ಗಾಳಿ ತಗುಲಿ ತಗಡಿನ ಮೇಲೆ ಕೂರುವ ಆಕ್ಸೈಡ್ ಪದರ ಕಾಯುವುದಿಲ್ಲ. ಬಳಿಯುವ ಮೊದಲು ಹೀಟ್ ಗನ್‌ನಿಂದ ತಗಡನ್ನು ಕೈ ತಾಳುವಷ್ಟು ಬಿಸಿ ಮಾಡಿದೆ. ಬಿಸಿಗೆ ಎಪಾಕ್ಸಿ ನೀರಾಗಿ ಸಂದಿಗೆ ಇಳಿಯುತ್ತದೆ, ತಗಡು ತಣ್ಣಗಾದಂತೆ ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಎಪಾಕ್ಸಿ ಸಂದಿಯತ್ತ ಹರಿಯಲು ದೋಣಿಯನ್ನು ಯಾವ ಕಡೆಗೆ ಎಷ್ಟು ಓರೆಯಾಗಿಟ್ಟೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಒಂದು ಪರೀಕ್ಷೆ. ಟ್ರಾನ್ಸಮ್‌ಗೆ (ಎಂಜಿನ್ ಕೂರಿಸುವ ಹಿಂಬದಿಯ ಹಲಗೆ) ಕೊಳೆಯದಂತೆ ತಾಮ್ರದ ಔಷಧಿ ಹಾಕಿದ ಪ್ಲೈವುಡ್ ಸಾಕು ಎಂದು ಕೆಲವರು ಹೇಳಿದ್ದರು. ಅದರ ತುಂಡನ್ನು ತಗಡಿಗೆ ಬಿಗಿದು ಉಪ್ಪುನೀರಿನ ಬಕೆಟ್‌ನಲ್ಲಿಟ್ಟೆ. ಮೂರು ವಾರಕ್ಕೆ ಬಿಳಿ ಪುಡಿ, ಒರೆಸಿದರೆ ಕೆಳಗೆ ಗುಳಿ: ಔಷಧಿಯ ತಾಮ್ರ ಅಲ್ಯೂಮಿನಿಯಂ ತಗಡನ್ನು ತಿಂದಿತ್ತು. ಕೊನೆಗೆ ದೋಣಿಗೆಂದೇ ಬರುವ ಮರೈನ್ ಪ್ಲೈವುಡ್ಡನ್ನೇ ತಂದು, ಬೋಲ್ಟ್ ತೂತಿನ ಒಳಗೂ ಎಪಾಕ್ಸಿ ಸವರಿ ಕೂರಿಸಿದೆ. ದೋಣಿ ತೇಲಲೆಂದು ಸೀಟಿನಡಿ ತುಂಬಿದ್ದ ಫೋಮ್ ನೀರು ಕುಡಿದು ಮೂವತ್ತು ಕೆಜಿಗೂ ಹೆಚ್ಚಿತ್ತು. ಎರಡು ತಿಂಗಳು ಬಿಸಿಲಿಗಿಟ್ಟೆ, ಕಾಲು ಭಾಗವೂ ಇಳಿಯಲಿಲ್ಲ. ಎಸೆದೆ.

ಎಲ್ಲ ಸೇರಿ ಹೊಸ ದೋಣಿಯ ಕಾಲು ಭಾಗದಷ್ಟೂ ಖರ್ಚಾಗಲಿಲ್ಲ. ಈಗಲೂ ಜಿನುಗುತ್ತಿರುವುದು ಆ ನಾಲ್ಕು ಇಂಚು ವೆಲ್ಡಿಂಗ್ ಮಾತ್ರ. ಅದನ್ನು ಕತ್ತರಿಸಿ ರಿವೆಟ್ ತೇಪೆ ಹಾಕಲು ತಗಡು ತಂದಿಟ್ಟಿದ್ದೇನೆ.