ಗಣಿ ಜಾಗದ ಬಾಂಡ್ ಬಿಡಿಸಿಕೊಂಡಿದ್ದು: ನನ್ನ ಅನುಭವ

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಭಾಗ ಪೂರ್ತಿ ಬೆಟ್ಟ, ಅಲ್ಲಿ ಕಲ್ಲಿದ್ದಲು ತೆಗೆದು ಮುಗಿದ ಜಾಗಗಳನ್ನ ಮತ್ತೆ ಕಾಡು ಮಾಡೋದು ನನ್ನ ಕೆಲಸ. ಏನು ಕೆಲಸಾನಪ್ಪಾ ಅಂತ ಅಮ್ಮ ಫೋನಲ್ಲಿ ಕೇಳಿದಾಗ, ಅಡ ಇಟ್ಟ ಬಳೆ ಬಿಡಿಸಿಕೊಡೋ ಕೆಲಸ ಅಂದಿದ್ದೆ. ಹೆಚ್ಚುಕಮ್ಮಿ ಅದೇನೇ. 1977ರಲ್ಲಿ ಇಲ್ಲಿ ಒಂದು ಕೇಂದ್ರ ಕಾನೂನು ಬಂತು, ಗಣಿ ಶುರು ಮಾಡೋಕೆ ಮುಂಚೇನೇ ಕಂಪನಿ ಸರ್ಕಾರದ ಹತ್ರ ಬಾಂಡ್, ಅಂದ್ರೆ ದುಡ್ಡಿನ ಭದ್ರತೆ ಇಡಬೇಕು, ಅಗೆದು ಹಾಗೇ ಬಿಟ್ಟು ಹೋದ್ರೆ ಆ ದುಡ್ಡಲ್ಲೇ ಸರ್ಕಾರ ಜಾಗ ಸರಿ ಮಾಡುತ್ತೆ, ಕಂಪನಿ ತಾನೇ ಸರಿ ಮಾಡಿದ್ರೆ ಹಂತ ಹಂತವಾಗಿ ವಾಪಸ್ ಸಿಗುತ್ತೆ. ನಾನು ಬೆಳೆದಿದ್ದು ಬಂಗಾರಪೇಟೆಯಲ್ಲಿ, ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ್ದನ್ನೂ ನೋಡಿದೀನಿ, ಆಮೇಲೂ ಗಾಳಿ ಬಂದಾಗೆಲ್ಲ ಸಯನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆ) ಬಿಳಿ ಧೂಳು ಮನೆಗಳ ಮೇಲೆ ಕೂರೋದನ್ನೂ ನೋಡಿದೀನಿ, ಅದಕ್ಕೇ ಈ ಬಾಂಡ್ ಅನ್ನೋದು ನನಗೆ ಬರೀ ಕಾಗದ ಅನ್ನಿಸಲ್ಲ.

ಮೂರು ಹಂತ ಇದೆ. ಗುಂಡಿ ತುಂಬಿ, ಕಡಿದಾದ ಕಲ್ಲಿನ ಗೋಡೆ ಕಾಣದ ಹಾಗೆ ಮುಚ್ಚಿ, ಬೆಟ್ಟಕ್ಕೆ ಹೆಚ್ಚುಕಮ್ಮಿ ಮೊದಲಿನ ಆಕಾರ ಕೊಟ್ಟು, ನೀರು ಹರಿಯೋಕೆ ದಾರಿ ಮಾಡಿದ್ರೆ ಮೊದಲ ಹಂತ, 60 ಪರ್ಸೆಂಟ್‌ವರೆಗೂ ಬಿಡ್ತಾರೆ. ಗಿಡ ಹುಲ್ಲು ಹಿಡಿದು, ಮಣ್ಣು ತೊಳ್ಕೊಂಡು ಹಳ್ಳಕ್ಕೆ ಹೋಗ್ತಾ ಇಲ್ಲ ಅಂದ್ರೆ ಎರಡನೇದು. ಮೂರನೇದಕ್ಕೆ ಕಾಯ್ಬೇಕು, ವರ್ಷಕ್ಕೆ 26 ಇಂಚಿಗಿಂತ ಜಾಸ್ತಿ ಮಳೆ ಬೀಳೋ ಕಡೆ 5 ವರ್ಷ, ಅಷ್ಟು ಬೀಳದ ಕಡೆ 10 ವರ್ಷ. ಕೆಂಟಕಿಯಲ್ಲಿ ಮಳೆಗೆ ಬರ ಇಲ್ಲ, ಹಾಗಾಗಿ ನಮಗೆ 5.

ಈಗ ಹೇಳ್ತಿರೋ ಸೈಟ್ ಸುಮಾರು 90 ಎಕರೆ, ಪರ್ಮಿಟ್‌ನಲ್ಲಿ ಕಾಡು ಮಾಡ್ತೀವಿ ಅಂತ ಬರೆದಿದ್ರು. ಮೊದಲ ಜಗಳ ಆಗಿದ್ದು ಡೋಜರ್ ಓಡಿಸೋರ ಜೊತೆ. ನೆಲ ನುಣ್ಣಗೆ, ಗಟ್ಟಿಯಾಗಿ ಇರಬೇಕು ಅನ್ನೋದು ಅವರಿಗೆ ವರ್ಷಗಳಿಂದ ಕೈಗೆ ಬಂದ ಅಭ್ಯಾಸ, ನೋಡೋಕೂ ಚೆಂದ, ಆದ್ರೆ ಹಾಗೆ ತುಳಿದ ಮಣ್ಣಲ್ಲಿ ಓಕ್ ಬೇರು ಇಳಿಯಲ್ಲ, ಫೆಸ್ಕ್ಯೂ ಹುಲ್ಲು ಮಾತ್ರ ದಟ್ಟವಾಗಿ ಬಂದು ಸಸಿಗಳನ್ನ ಮುಚ್ಚಿ ಹಾಕುತ್ತೆ. ಮೇಲಿನ 4 ಅಡಿ ಸಡಿಲವಾಗಿರಲಿ, ಮಣ್ಣು ಸುರಿದು ಒಂದೇ ಸಲ ಹಗುರವಾಗಿ ಎಳೆದು ಬಿಡಿ, ಹೆಂಟೆ ಕಲ್ಲು ಇದ್ರೂ ಪರವಾಗಿಲ್ಲ ಅಂತ ಬೇಡಿಕೊಂಡು ಮಾಡಿಸಿದೆ. ಹುಲ್ಲಿನ ಬೀಜ ಕಮ್ಮಿ ಹಾಕಿಸಿದೆ. ಚಳಿಗಾಲ ಮುಗಿಯೋ ಹೊತ್ತಿಗೆ, ಚಿಗುರೊಡೆಯೋಕೆ ಮುಂಚೆ, ಸಸಿ ನೆಟ್ವಿ.

ತಪ್ಪಾಗಿದ್ದು ಕೆಳಗಿನ 7 ಎಕರೆಯಲ್ಲಿ. ಅದು ಲಾರಿ ಓಡಾಡಿದ ಜಾಗ, ಸಡಿಲ ಮಾಡಿಸದೇ ಮೇಲೆ ಮಣ್ಣು ಹರಡಿಸಿದ್ದೆ. ಮೂರನೇ ವರ್ಷ ನೋಡಿದ್ರೆ ಅರ್ಧ ಸಸಿ ಒಣಗಿದೆ, ಮಳೆಗೆ ಕೊರಕಲು ಬಿದ್ದಿದೆ. ಗಾಬರಿಯಲ್ಲಿ ನಾನೇ ನಿಂತು ಮತ್ತೆ ಬೀಜ, ಗೊಬ್ಬರ ಎಲ್ಲ ಹಾಕಿಸಿಬಿಟ್ಟೆ, ಯಾರನ್ನೂ ಕೇಳ್ಲಿಲ್ಲ. ನಿಯಮ ಏನು ಅಂದ್ರೆ ಆ 5 ವರ್ಷದ ಲೆಕ್ಕ ಶುರುವಾಗೋದೇ ಕೊನೇ ಸಲ ಬೀಜ ಗೊಬ್ಬರ ಹಾಕಿದ ದಿನದಿಂದ. ರಾಜ್ಯ ಒಪ್ಪಿರೋ ಮಾಮೂಲಿ ನಿರ್ವಹಣೆ ಆದ್ರೆ ಲೆಕ್ಕ ಕೆಡಲ್ಲ, ನಾನು ಮಾಡಿಸಿದ್ದು ಅದಕ್ಕಿಂತ ಜಾಸ್ತಿ. ಆ 7 ಎಕರೆ ಒಟ್ಟಿಗೇ ಇದ್ರೆ 90 ಎಕರೆ ಬಾಂಡೂ ನಿಂತುಹೋಗ್ತಿತ್ತು. ಕೊನೆಗೆ ಕೈ ಹಿಡಿದಿದ್ದು ಅದೇ ನಿಯಮದ ಇನ್ನೊಂದು ಸಾಲು, ತೊಂದರೆ ಇರೋ ಭಾಗಕ್ಕೆ ಸ್ಪಷ್ಟ ಗಡಿ ಹಾಕಿ ಬೇರೆ ಬಾಂಡ್ ಇಡಬಹುದು ಅಂತ. ಸರ್ವೆ ಮಾಡಿಸಿ, ಮ್ಯಾಪ್‌ನಲ್ಲಿ ಬೇರೆ ಮಾಡಿ, ಒಪ್ಪಿಗೆ ತಗೊಂಡ್ವಿ. ಈ ಕೆಲಸದಲ್ಲಿರೋರಿಗೆ ನಾನು ಹೇಳೋದು ಇಷ್ಟೇ, ಬೀಜದ ಚೀಲ ಬಿಚ್ಚೋಕೆ ಮುಂಚೆ ಇನ್ಸ್‌ಪೆಕ್ಟರಿಗೆ ಒಂದು ಫೋನ್ ಮಾಡಿ.

ಮರ ಎಣಿಸೋದಕ್ಕೆ 11.8 ಅಡಿ ಹಗ್ಗ ಸಾಕು. ಗೂಟಕ್ಕೆ ಕಟ್ಟಿ ಸುತ್ತು ಹಾಕಿದ್ರೆ ಆ ವೃತ್ತ ಎಕರೆಯ ನೂರನೇ ಒಂದು ಭಾಗ, ಒಳಗೆ 5 ಸಸಿ ಸಿಕ್ಕಿದ್ರೆ ಎಕರೆಗೆ 500 ಅಂತ ಲೆಕ್ಕ. ಚೆನ್ನಾಗಿ ಬಂದಿರೋ ಕಡೆ ನೋಡಿ ಗೂಟ ಹೊಡೀಬಾರ್ದು, ಜಾಗ ಮೊದಲೇ ಮ್ಯಾಪ್ ಮೇಲೆ ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಎಣಿಸೋ ಗಿಡಗಳಲ್ಲಿ 80 ಪರ್ಸೆಂಟ್ ಆದ್ರೂ ಕನಿಷ್ಠ ಅವಧಿಯ 60 ಪರ್ಸೆಂಟ್ ಕಾಲ, ಅಂದ್ರೆ ನಮ್ಮಲ್ಲಿ 3 ವರ್ಷ, ಅಲ್ಲೇ ನಿಂತಿರಬೇಕು, ಹೋದ ತಿಂಗಳು ನೆಟ್ಟಿದ್ದನ್ನ ತೋರಿಸಿ ಸಂಖ್ಯೆ ತುಂಬಿಸೋ ಹಾಗಿಲ್ಲ. ಅದಕ್ಕೇ ನೆಟ್ಟ ತಾರೀಖು, ನರ್ಸರಿ ಬಿಲ್ಲು, ಪ್ರತಿ ವರ್ಷ ಒಂದೇ ಕಲ್ಲಿನ ಮೇಲೆ ನಿಂತು ತೆಗೆದ ಫೋಟೋ, ಎಲ್ಲ ಇಟ್ಟಿದ್ದೆ.

ಅರ್ಜಿ ಹಾಕಿದ ಮೇಲೆ ಊರಿನ ಪೇಪರಲ್ಲಿ ವಾರಕ್ಕೊಂದು ಸಲದಂತೆ ಸತತ 4 ವಾರ ಜಾಹೀರಾತು ಬರಬೇಕು, ಅಕ್ಕಪಕ್ಕದ ಜಮೀನಿನವರಿಗೆ ಪತ್ರ ಹೋಗಬೇಕು, ಕೆಲಸ ಎಲ್ಲ ಮುಗಿದಿದೆ ಅಂತ ನೋಟರಿ ಮುಂದೆ ಬರೆದುಕೊಡಬೇಕು. ನಮ್ಮ ಮೊದಲನೇ ಜಾಹೀರಾತಲ್ಲಿ ಎಕರೆ ತಪ್ಪಾಗಿ ಅಚ್ಚಾಗಿತ್ತು, ಮತ್ತೆ ಒಂದನೇ ವಾರದಿಂದ ಹಾಕಿಸಿದ್ವಿ.

ಪರಿಶೀಲನೆ ದಿನ ಜಮೀನಿನ ಒಡತಿ, ವಯಸ್ಸಾದ ಅಜ್ಜಿ, ಕೋಲು ಊರಿಕೊಂಡು ಬಂದ್ರು, ಜೊತೆಗೆ ಬರೋದು ಅವರ ಹಕ್ಕು. ಮರದ ಕಡೆ ಅವರು ಜಾಸ್ತಿ ನೋಡ್ಲಿಲ್ಲ, ಸೀದಾ ಕೆಳಗಿನ ಹಳ್ಳದ ಹತ್ರ ಕರ್ಕೊಂಡು ಹೋಗಿ, ಕಲ್ಲಿಗೆ ಕೇಸರಿ ಬಣ್ಣ ಹತ್ತಿದ್ಯಾ ತೋರ್ಸಿ ಅಂದ್ರು. ಸರಿಯಾದ ಪ್ರಶ್ನೆ. ಗಣಿಯಿಂದ ಆಮ್ಲ, ಕಬ್ಬಿಣ ಸೇರಿದ ನೀರು ಬರ್ತಿದ್ರೆ ಕಲ್ಲು ಹಾಗಾಗುತ್ತೆ, ಅಂಥ ನೀರನ್ನ ವರ್ಷಗಟ್ಟಲೆ ಶುದ್ಧ ಮಾಡ್ಬೇಕಾಗಿ ಬಂದ್ರೆ ಮೇಲೆ ಎಷ್ಟೇ ಮರ ಇದ್ರೂ ಬಾಂಡ್ ಪೂರ್ತಿ ಬಿಡಲ್ಲ. ಕಲ್ಲು ಬೂದು ಬಣ್ಣದಲ್ಲೇ ಇತ್ತು, ನೀರಿನ ರಿಪೋರ್ಟೂ ಕೊಟ್ಟೆ. ಅಜ್ಜಿ ಬಗ್ಗಿ ನೀರಲ್ಲಿ ಕೈ ಅದ್ದಿ, ಆಯ್ತು ಅಂದ್ರು. 83 ಎಕರೆ ಬಾಂಡ್ ಪೂರ್ತಿ ವಾಪಸ್ ಬಂತು.

ಆ 7 ಎಕರೆಯನ್ನ ಆಮೇಲೆ ಆಳವಾಗಿ ಉಳುಮೆ ಮಾಡಿಸಿ, ಹೊಸದಾಗಿ ಓಕ್ ಸಸಿ ನೆಟ್ಟಿದೀವಿ, ಇದು ಎರಡನೇ ವರ್ಷ. ಇನ್ನೂ ಮೂರು ವರ್ಷ ಅಲ್ಲಿಗೆ ಓಡಾಟ ಇದೆ.