ಡಿರೇಡ್ ಪೂಲ್: ಸ್ಪೇರ್ ಡಿಸ್ಕನ್ನು ಎಲ್ಲ ಡಿಸ್ಕುಗಳಿಗೂ ಹಂಚಿಡುವುದು ಹೇಗೆ

ಓಪನ್‌ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದಾಗಿ ಬಳಸುವ ಡಿಸ್ಕುಗಳ ಗುಂಪಿಗೆ ಪೂಲ್ ಎಂದು ಹೆಸರು. ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾವನ್ನು ಮತ್ತೆ ಲೆಕ್ಕಹಾಕಲು ಬೇಕಾದ ಮಾಹಿತಿ) ಇಡುವ ರೇಡ್‌ಝಡ್ ಪೂಲ್‌ನಲ್ಲಿ ಹಾಟ್ ಸ್ಪೇರ್ ಎಂದರೆ ಕೆಲಸವಿಲ್ಲದೆ ತಿರುಗುತ್ತಿರುವ ಒಂದು ಡಿಸ್ಕ್. ಬೇರೊಂದು ಕೆಟ್ಟಾಗ ಅದರ ಡೇಟಾವನ್ನೆಲ್ಲ ಈ ಒಂದಕ್ಕೇ ಬರೆಯಬೇಕು. ತುಂಬಿದ 16 ಟಿಬಿ ಡಿಸ್ಕಾದರೆ, ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಎಲ್ಲೂ ನಿಲ್ಲದೆ ಬರೆದರೂ 22 ಗಂಟೆ ಹಿಡಿಯುತ್ತದೆ. ಓಪನ್‌ಝಡ್‌ಎಫ್‌ಎಸ್ 2.1ರಲ್ಲಿ (2021) ಬಂದ ಡಿರೇಡ್ ಈ ಇಕ್ಕಟ್ಟನ್ನು ಬಿಡಿಸುತ್ತದೆ. ಇಲ್ಲಿ ಸ್ಪೇರ್ ಪ್ರತ್ಯೇಕ ಡಿಸ್ಕಲ್ಲ, ಪ್ರತಿ ಡಿಸ್ಕಿನಲ್ಲೂ ಚೂರುಚೂರಾಗಿ ಕಾದಿರಿಸಿದ ಜಾಗ. ಒಂದು ಕೆಟ್ಟರೆ ಉಳಿದವೆಲ್ಲ ಒಟ್ಟಿಗೆ ಓದಿ, ಒಟ್ಟಿಗೆ ಬರೆಯುತ್ತವೆ.

ಹತ್ತು ಹನ್ನೆರಡು ಡಿಸ್ಕುಗಳಷ್ಟೇ ಇದ್ದರೆ ಇದರ ಗೋಜು ಬೇಡ, ಎರಡು ಪ್ಯಾರಿಟಿಯ ರೇಡ್‌ಝಡ್2 ಸಾಕು. ಇಲ್ಲಿ 24 ಡಿಸ್ಕುಗಳ ಲೆಕ್ಕ ಹಿಡಿಯೋಣ. ಎಲ್ಲವೂ ಒಂದೇ ಗಾತ್ರದವಿರಲಿ. ಅತಿ ಚಿಕ್ಕದು ಎಷ್ಟೋ, ಉಳಿದವುಗಳಿಂದಲೂ ಅಷ್ಟೇ ಸಿಗುತ್ತದೆ.

ಆದೇಶ ಹೀಗಿರುತ್ತದೆ (ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಬರೆಯಿರಿ):

ಝಡ್‌ಪೂಲ್ ಕ್ರಿಯೇಟ್ -ಒ ಆಶಿಫ್ಟ್=12 ಟ್ಯಾಂಕ್ ಡಿರೇಡ್2:8ಡಿ:24ಸಿ:2ಎಸ್

ಇದರ ಮುಂದೆ 24 ಡಿಸ್ಕುಗಳ ಹೆಸರು. ರೀಬೂಟ್ ಆದಾಗ ಬದಲಾಗುವ ಎಸ್‌ಡಿಎ, ಎಸ್‌ಡಿಬಿಗಳ ಬದಲು ಬೈ-ಐಡಿ ಫೋಲ್ಡರಿನ ಹೆಸರುಗಳನ್ನೇ ಕೊಡಿ. ಆಶಿಫ್ಟ್=12 ಎಂದರೆ 4ಕೆ ಸೆಕ್ಟರ್ (ಡಿಸ್ಕಿಗೆ ಒಮ್ಮೆಗೆ ಬರೆಯುವ ಅತಿ ಚಿಕ್ಕ ಅಳತೆ). ಟ್ಯಾಂಕ್, ಪೂಲ್‌ನ ಹೆಸರು. ಡಿರೇಡ್2 ಎಂದರೆ ಎರಡು ಪ್ಯಾರಿಟಿ. 8ಡಿ, ಪ್ರತಿ ಗುಂಪಿನಲ್ಲಿ ಎಂಟು ಡೇಟಾ ಭಾಗ. 24ಸಿ, ಒಟ್ಟು ಡಿಸ್ಕು. 2ಎಸ್, ಎರಡು ಡಿಸ್ಕಿನಷ್ಟು ಸ್ಪೇರ್ ಜಾಗ. 24ಸಿ ಬರೆಯಲೇಬೇಕೆಂದಿಲ್ಲ, ಆದರೂ ಬರೆಯಿರಿ: ಪಟ್ಟಿಯಲ್ಲಿ ಒಂದು ಡಿಸ್ಕ್ ಬಿಟ್ಟುಹೋಗಿದ್ದರೆ ಆದೇಶ ಅಲ್ಲೇ ನಿಲ್ಲುತ್ತದೆ. ಎಸ್ ಬಿಟ್ಟರೆ ಮಾತ್ರ ಸ್ಪೇರ್ ಸೊನ್ನೆ, ಮತ್ತು ಪೂಲ್ ಕಟ್ಟಿದ ಮೇಲೆ ಈ ಸಂಖ್ಯೆಯನ್ನು ಬದಲಿಸಲಾಗದು. ಮೊದಲು -ಎನ್ ಸೇರಿಸಿ ಓಡಿಸಿದರೆ ಏನೂ ಬರೆಯದೆ ರಚನೆಯನ್ನಷ್ಟೇ ತೋರಿಸುತ್ತದೆ.

ಸಿಗುವ ಜಾಗ: (24 − 2) × 8/10, ಅಂದರೆ ಸುಮಾರು 17.6 ಡಿಸ್ಕು. 16 ಟಿಬಿ ಡಿಸ್ಕುಗಳಾದರೆ ಹತ್ತಿರಹತ್ತಿರ 281 ಟಿಬಿ.

ಹೆಚ್ಚಿನವರು ಎಡವುವುದು ಡೇಟಾ ಅಗಲದಲ್ಲಿ. ಡಿರೇಡ್‌ನಲ್ಲಿ ಸಾಲಿನ (ಒಂದು ಗುಂಪಿಗೆ ಒಮ್ಮೆಗೆ ಬರೆಯುವ ಡೇಟಾದ) ಅಗಲ ಸ್ಥಿರ. 4ಕೆ ಸೆಕ್ಟರ್ ಮತ್ತು 8ಡಿ ಇದ್ದರೆ ಅತಿ ಚಿಕ್ಕ ಬ್ಲಾಕಿಗೂ (ಫೈಲನ್ನು ಒಡೆದಿಡುವ ತುಂಡು) 32ಕೆ ಡೇಟಾ, 8ಕೆ ಪ್ಯಾರಿಟಿ ಖರ್ಚು. ರೇಡ್‌ಝಡ್2ರಲ್ಲಿ 12ಕೆಯಲ್ಲಿ ಮುಗಿಯುವ 4ಕೆ ಬ್ಲಾಕು ಇಲ್ಲಿ 40ಕೆ ನುಂಗುತ್ತದೆ. 9ಡಿ ಎಂದು ಕೊಟ್ಟರೆ ಸಾಲು 36ಕೆ ಆಗಿ, 128ಕೆ ಬ್ಲಾಕು ನಾಲ್ಕು ಸಾಲು ಹಿಡಿದು 16ಕೆ ವ್ಯರ್ಥ. ಆದ್ದರಿಂದ 4 ಅಥವಾ 8ಕ್ಕೆ ಅಂಟಿಕೊಳ್ಳುವುದು ಒಳ್ಳೆಯದು. ದೊಡ್ಡ ಫೈಲುಗಳಿಗೆ ರೆಕಾರ್ಡ್‌ಸೈಜ್ (ಬ್ಲಾಕಿನ ಗರಿಷ್ಠ ಗಾತ್ರ) 1ಎಂ ಇಡಿ. ಚಿಕ್ಕ ಫೈಲುಗಳು ಬಹಳವಿದ್ದರೆ ಎಸ್‌ಎಸ್‌ಡಿಗಳ ಸ್ಪೆಷಲ್ ವಿಡೆವ್ (ಪೂಲ್‌ನೊಳಗಿನ ಒಂದು ಪ್ರತ್ಯೇಕ ಡಿಸ್ಕು ಗುಂಪು) ಸೇರಿಸಿ, ಸ್ಪೆಷಲ್ ಸ್ಮಾಲ್ ಬ್ಲಾಕ್ಸ್ ಮೌಲ್ಯವನ್ನು 32ಕೆ ಮಾಡಿ; ಅಷ್ಟು ಚಿಕ್ಕ ಬ್ಲಾಕುಗಳು ಅಲ್ಲಿಗೇ ಹೋಗುತ್ತವೆ. ಆ ವಿಡೆವ್ ಹೋದರೆ ಇಡೀ ಪೂಲೇ ಹೋಯಿತು. ಡಿರೇಡ್2 ಜೊತೆಗೆ ಅದು ಮೂರು ಎಸ್‌ಎಸ್‌ಡಿಗಳ ಮಿರರ್ (ಮೂರರಲ್ಲೂ ಒಂದೇ ಡೇಟಾ) ಆಗಿರಲಿ. ಡೇಟಾ ತುಂಬುವ ಮೊದಲೇ ಸೇರಿಸಿ, ಹಳೆಯ ಬ್ಲಾಕುಗಳು ತಾವಾಗಿ ಅಲ್ಲಿಗೆ ಹೋಗುವುದಿಲ್ಲ.

ಈಗ ಝಡ್‌ಪೂಲ್ ಸ್ಟೇಟಸ್ ನೋಡಿದರೆ ಸ್ಪೇರ್ಸ್ ಕೆಳಗೆ ಡಿರೇಡ್2-0-0, ಡಿರೇಡ್2-0-1 ಕಾಣುತ್ತವೆ. ಡಿಸ್ಕ್ ಕೆಟ್ಟಾಗ ಇವನ್ನು ತಾನಾಗಿ ಬಳಕೆಗೆ ತರುವುದು ಝೆಡ್ ಎಂಬ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ). ಅದರ ಸರ್ವಿಸ್ ಓಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೈಯಿಂದ ಮಾಡುವುದಾದರೆ:

ಝಡ್‌ಪೂಲ್ ರಿಪ್ಲೇಸ್ -ಎಸ್ ಟ್ಯಾಂಕ್ ಕೆಟ್ಟಡಿಸ್ಕು ಡಿರೇಡ್2-0-0

ಈ ಮರುನಿರ್ಮಾಣ ಡಿಸ್ಕಿನ ಮೇಲೆ ನೇರ ಸಾಲಾಗಿ ಸಾಗುತ್ತದೆ. ಚೆಕ್‌ಸಮ್ (ಡೇಟಾ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ನೋಡುತ್ತ ಕೂರದಿರುವುದೂ ವೇಗಕ್ಕೆ ಒಂದು ಕಾರಣ. ಅದಕ್ಕೇ ಮುಗಿದ ಕೂಡಲೇ ಸ್ಕ್ರಬ್ (ಎಲ್ಲ ಡೇಟಾವನ್ನೂ ಓದಿ ಚೆಕ್‌ಸಮ್ ಪರೀಕ್ಷಿಸುವ ಕೆಲಸ) ತಾನಾಗಿ ಶುರುವಾಗುತ್ತದೆ. ಅದನ್ನು ನಿಲ್ಲಿಸಬೇಡಿ.

ಸ್ಪೇರ್ ಹೆಚ್ಚುವರಿ ಪ್ಯಾರಿಟಿಯಲ್ಲ. ಎರಡು ಡಿಸ್ಕು ಕೆಟ್ಟು, ಮರುನಿರ್ಮಾಣ ಮುಗಿಯುವ ಮೊದಲೇ ಮೂರನೆಯದೂ ಹೋದರೆ, 2ಎಸ್ ಇದ್ದರೂ ಡಿರೇಡ್2 ಪೂಲ್ ಉಳಿಯದು. ಮುಗಿದ ನಂತರ ಮಾತ್ರ ಮತ್ತೆ ಎರಡನ್ನು ತಾಳುವ ಶಕ್ತಿ ಬರುತ್ತದೆ.

ಹೊಸ ಡಿಸ್ಕ್ ಹಾಕಿ ರಿಪ್ಲೇಸ್ ಕೊಡದಿದ್ದರೆ ಬಳಕೆಯಾದ ಸ್ಪೇರ್ ಮರಳಿ ಸಿಗದು. ಕೊಟ್ಟಾಗ ಡೇಟಾ ಹೊಸದಕ್ಕೆ ಹರಿದು, ಸ್ಪೇರ್ ಜಾಗ ತೆರವಾಗುತ್ತದೆ. ಈ ಎರಡನೇ ಹಂತ ನಿಧಾನ, ಏಕೆಂದರೆ ಬರೆಯುವುದು ಮತ್ತೆ ಒಂದೇ ಡಿಸ್ಕಿಗೆ. ಆದರೆ ಅಷ್ಟರಲ್ಲಿ ಪೂಲ್ ಪೂರ್ತಿ ರಕ್ಷಣೆಯಲ್ಲಿರುವುದರಿಂದ ಅವಸರವಿಲ್ಲ.

ನಿಜವಾದ ಡೇಟಾ ಇಡುವ ಮೊದಲು ಒಮ್ಮೆ ತಾಲೀಮು ಮಾಡಿ. ಒಂದು ಡಿಸ್ಕನ್ನು ಆಫ್‌ಲೈನ್ ಮಾಡಿ, ಮೇಲಿನ ರಿಪ್ಲೇಸ್ ಆದೇಶ ಕೊಡಿ. ನೀವೇ ಆಫ್‌ಲೈನ್ ಮಾಡಿದ್ದನ್ನು ಝೆಡ್ ಕೆಟ್ಟಿದ್ದೆಂದು ಎಣಿಸುವುದಿಲ್ಲ. ಸ್ಕ್ರಬ್ ಮುಗಿದ ಮೇಲೆ ಡಿಸ್ಕನ್ನು ಆನ್‌ಲೈನ್ ಮಾಡಿ, ರಿಸಿಲ್ವರ್ (ಡಿಸ್ಕಿಗೆ ತಪ್ಪಿದ ಡೇಟಾವನ್ನು ಮತ್ತೆ ಬರೆಯುವ ಕೆಲಸ) ಮುಗಿಯಲು ಬಿಡಿ. ಸ್ಪೇರ್ ಇನ್ನೂ ಬಳಕೆಯಲ್ಲಿದೆ ಎಂದೇ ತೋರಿಸಿದರೆ ಝಡ್‌ಪೂಲ್ ಡಿಟ್ಯಾಚ್ ಟ್ಯಾಂಕ್ ಡಿರೇಡ್2-0-0 ಕೊಡಿ.