ಲಗೇಜ್ ಹೇರಿದ ಸೈಕಲ್‌ನಲ್ಲಿ ದಿನವಿಡೀ ಬೆಟ್ಟ ಹತ್ತುವುದು ಹೇಗೆ

ದೊಡ್ಡ ಏರು ಇರುವ ದಿನ ಕೆಡುವುದು ಮೊದಲ ಗಂಟೆಯಲ್ಲೇ. ಬೆಳಗಿನ ತಂಪು, ಚೆನ್ನಾಗಿ ನಿದ್ದೆ ಆಗಿದೆ, ಕಾಲು ಹಗುರ. ಸೈಕಲ್ ತಾನಾಗಿ ಜೋರು ಹೋಗುತ್ತದೆ. ಆಗ ಸುಮ್ನೆ ಕಳೆದ ಶಕ್ತಿ ಮಧ್ಯಾಹ್ನ ವಾಪಸ್ ಬರುವುದಿಲ್ಲ. ಅದಕ್ಕೇ ನಾನು ಮೊದಲ ಗಂಟೆ "ಇಷ್ಟೊಂದು ನಿಧಾನ ಬೇಕಾ?" ಅನ್ನಿಸುವಷ್ಟು ನಿಧಾನ ಹೋಗುತ್ತೇನೆ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ಜಾಸ್ತಿ ಆಯ್ತು, ಇನ್ನೂ ಇಳಿಸಿ.

ಹಿಂದಿನ ರಾತ್ರಿ ಮ್ಯಾಪ್‌ನಲ್ಲಿ ಏರು ಎಲ್ಲೆಲ್ಲಿ ಎಷ್ಟಿದೆ ಅಂತ ನೋಡಿ. ಸರಾಸರಿಯನ್ನು ನಂಬಬೇಡಿ. ಫ್ರಾನ್ಸಿನ ಮೋಂ ವಾಂಟೂ ಬೆಟ್ಟವನ್ನು ಬೆದ್ವಾಂ ಊರಿನ ಕಡೆಯಿಂದ ಹತ್ತಿದರೆ ಸುಮಾರು 21 ಕಿ.ಮೀ., ಸರಾಸರಿ 7.5%. ಮೊದಲ ಐದಾರು ಕಿಲೋಮೀಟರ್ ಸಲೀಸು. ಕಾಡಿನೊಳಗೆ ಹೊಕ್ಕ ಮೇಲೆ 9-10% ಏರು ಬಿಡುವೇ ಕೊಡದೆ ಕಾಡುತ್ತದೆ. ಸರಾಸರಿ ನೋಡಿ ಹೊರಟವರು ಅಲ್ಲಿ ಕಂಗಾಲಾಗುತ್ತಾರೆ. 8% ಅಂದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ 80 ಮೀಟರ್ ಮೇಲಕ್ಕೆ. ಆ ಲೆಕ್ಕ ತಲೆಯಲ್ಲಿರಲಿ.

ನಾನು ಒಂದು ಚೀಟಿ ಬರೆದು ಹ್ಯಾಂಡಲ್ ಬ್ಯಾಗ್ ಮೇಲೆ ಟೇಪ್ ಹಚ್ಚುತ್ತೇನೆ. ಅಂಕಿ ಎಲ್ಲ ಕಿಲೋಮೀಟರ್: "12: ನೀರು. 14ರಿಂದ 17: ತುಂಬಾ ಕಡಿದು. 19: ಸಮತಟ್ಟು, ತಿನ್ನು." ಇಷ್ಟೇ. ದಪ್ಪ ಅಕ್ಷರದಲ್ಲಿ ಬರೆಯಿರಿ, ಬೆವರು ಕಣ್ಣಿಗೆ ಇಳಿದಾಗಲೂ ಕಾಣಬೇಕು. ಫೋನ್ ತೆಗೆದು ನೋಡುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನು ಗೇರ್. ಪ್ರವಾಸಕ್ಕೆ ಹೊರಡುವ ಮುಂಚೆ ದುಡ್ಡು ಖರ್ಚು ಮಾಡುವುದಿದ್ದರೆ ಇದಕ್ಕೇ ಮಾಡಿ. ಚೈನ್ ಕೂರುವ ಹಲ್ಲಿನ ಚಕ್ರಗಳಲ್ಲಿ ಮುಂದೆ (ಪೆಡಲ್ ಬಳಿ) 34 ಹಲ್ಲು, ಹಿಂದೆ 28 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎರಡೂವರೆ ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 9 ಕಿ.ಮೀ. ನೀವು, ಸೈಕಲ್, ಲಗೇಜ್ ಎಲ್ಲ ಸೇರಿ 100 ಕೆ.ಜಿ. ಅಂದುಕೊಳ್ಳಿ. 8% ಏರಿನಲ್ಲಿ ಆ ವೇಗಕ್ಕೆ ಕಾಲಿನಿಂದ 200 ವ್ಯಾಟ್‌ಗೂ ಜಾಸ್ತಿ ಶಕ್ತಿ ಬೇಕು. ಗಂಟೆಗಟ್ಟಲೆ ಅಷ್ಟು ಕೊಡುವುದು ಹೆಚ್ಚಿನವರಿಗೆ ಆಗದ ಮಾತು. ಅದೇ ಮುಂದೆ 22, ಹಿಂದೆ 34 ಇದ್ದರೆ 70 ಸುತ್ತಿಗೆ ಗಂಟೆಗೆ ಆರು ಕಿ.ಮೀ.ಗಿಂತ ತುಸು ಕಡಿಮೆ, ಸುಮಾರು 135 ವ್ಯಾಟ್ ಸಾಕು. ಬೆಟ್ಟ ಅದೇ, ಕಾಲೂ ಅವೇ. ಭಾರದ ಗೇರ್‌ನಲ್ಲಿ ತಿಣುಕುತ್ತಾ ತುಳಿದರೆ ಮೊದಲು ಹೋಗುವುದು ಮಂಡಿ. ಮಂಡಿಯ ಮುಂಭಾಗ ನೋಯಲು ಶುರುವಾದರೆ ಸೀಟು ತೀರಾ ತಗ್ಗಿದೆಯಾ ಅಂತಲೂ ನೋಡಿ.

ಹೇರ್‌ಪಿನ್ ತಿರುವಿನಲ್ಲಿ ಒಳಗಿನ ಅಂಚು ಎಲ್ಲಕ್ಕಿಂತ ಕಡಿದು. ಆದ್ದರಿಂದ ತಿರುವು ಬರುವ ಮುಂಚೆಯೇ ಗೇರ್ ಇಳಿಸಿ. ಗೇರ್ ಬದಲಿಸುವ ಅರ್ಧ ಸುತ್ತಿನಷ್ಟು ಹೊತ್ತು ಪೆಡಲ್ ಮೇಲಿನ ಒತ್ತಡ ಕಡಿಮೆ ಮಾಡಿ, ಚೈನ್ ಸದ್ದಿಲ್ಲದೆ ದೊಡ್ಡ ಹಲ್ಲಿಗೆ ಕೂರುತ್ತದೆ. ಪೂರ್ತಿ ಬಲ ಹಾಕಿಕೊಂಡೇ ಬದಲಿಸಿದರೆ "ಕಟಕ್" ಅನ್ನುತ್ತದೆ, ಕೆಲವು ಸಲ ಚೈನೇ ತುಂಡಾಗುತ್ತದೆ. ವಾಹನ ಬರುತ್ತಿಲ್ಲ ಅಂತ ಖಾತ್ರಿ ಇದ್ದಾಗ ಮಾತ್ರ ನಿಮ್ಮ ಪಥದೊಳಗೇ ಸ್ವಲ್ಪ ಹೊರಗಿನಿಂದ ತಿರುಗಿ. ಆಗಾಗ ಎದ್ದು ನಿಂತು ತುಳಿಯಿರಿ, ಸೊಂಟಕ್ಕೆ ಆರಾಮ. ಏಳುವ ಮುಂಚೆ ಒಂದು ಗೇರ್ ಭಾರ ಮಾಡಿಕೊಂಡರೆ ಪೆಡಲ್ ಕುಸಿದಂತಾಗುವುದಿಲ್ಲ. ಲಗೇಜ್ ಎಲ್ಲ ಹಿಂದೆಯೇ ಇದ್ದರೆ ಕಡಿದಾದ ಕಡೆ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಓಲಾಡುತ್ತದೆ. ಟೂಲ್ಸ್, ಆಹಾರದಂಥ ತೂಕದ ಸಾಮಾನು ಮುಂದೆ, ತಗ್ಗಿನಲ್ಲಿ ಇರಲಿ.

ಹಸಿವಾಗುವ ತನಕ ಕಾಯಬೇಡಿ. 100 ಕೆ.ಜಿ.ಯನ್ನು 1000 ಮೀಟರ್ ಎತ್ತರಕ್ಕೆ ಒಯ್ಯಲು ಹೆಚ್ಚೂಕಡಿಮೆ 1000 ಕ್ಯಾಲೊರಿ ಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು, ಅಂದರೆ ಒಂದೆರಡು ಬಾಳೆಹಣ್ಣಿನಷ್ಟು. ನಾನು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ತುತ್ತು ತಿನ್ನುತ್ತೇನೆ, ಬೇಕಿರಲಿ ಬೇಡದಿರಲಿ. ನೀರು ಗಂಟೆಗೆ ಅರ್ಧ ಲೀಟರ್, ಬಿಸಿಲಿದ್ದರೆ ಮುಕ್ಕಾಲು. ತುಂಬಾ ಬೆವರುವವರು ಚಿಟಿಕೆ ಉಪ್ಪು ಸೇರಿಸಿಕೊಳ್ಳಿ.

ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್ ಗಂಟೆಗೆ ನಾಲ್ಕು ಕಿ.ಮೀ. ತೋರಿಸುತ್ತಿದೆ, ಹ್ಯಾಂಡಲ್ ಅಲ್ಲಾಡುತ್ತಿದೆ. ಇಳಿದು ತಳ್ಳಿ. ತಳ್ಳುವಾಗಲೂ ಹೆಚ್ಚು ಕಡಿಮೆ ಅದೇ ವೇಗ, ಬೇರೆ ಸ್ನಾಯುಗಳಿಗೆ ಕೆಲಸ, ಜೊತೆಗೆ ಬೀಳುವ ಭಯ ಇಲ್ಲ. ಇದರಲ್ಲಿ ಅವಮಾನ ಏನೂ ಇಲ್ಲ, ದಯವಿಟ್ಟು ನಂಬಿ. ಬಿಡುವು ಚಿಕ್ಕದಿರಲಿ, ಐದು ನಿಮಿಷ. ಅರ್ಧ ಗಂಟೆ ಕೂತರೆ ಕಾಲು ಹಿಡಿದುಕೊಳ್ಳುತ್ತದೆ. ಬೆಟ್ಟಗಳಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಹಾಗಾಗಿ ಬೆಳಕು ಹರಿಯುವಾಗಲೇ ಹೊರಡಿ.

ತುದಿ ಮುಟ್ಟಿದ ಕೂಡಲೇ ಫೋಟೊ ತೆಗೆಯುವ ಆಸೆ ಸಹಜ. ಮೊದಲು ಜಾಕೆಟ್ ಹಾಕಿಕೊಳ್ಳಿ. 1000 ಮೀಟರ್ ಹತ್ತಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಮೈ ಬೇರೆ ಒದ್ದೆ. ಒಣ ಬನಿಯನ್ ಇದ್ದರೆ ಅಲ್ಲೇ ಬದಲಿಸಿ.

ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ. ನೇರ ದಾರಿಯಲ್ಲಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ. ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಹಿಡಿಯುವಂಥದ್ದು) ಒಂದೇ ಸಮನೆ ಉಜ್ಜಿದರೆ ರಿಮ್ ಕಾದು ಟ್ಯೂಬ್ ಒಡೆಯುವುದೂ ಉಂಟು, ಲಗೇಜ್ ಇದ್ದಾಗಂತೂ ಈ ಅಪಾಯ ಜಾಸ್ತಿ. ಡಿಸ್ಕ್ ಬ್ರೇಕೂ ಕಾಯುತ್ತದೆ, ಬರಿಗೈಲಿ ಮುಟ್ಟಬೇಡಿ. ಉದ್ದನೆ ಇಳಿಜಾರಾದರೆ ನಡುವೆ ಒಮ್ಮೆ ನಿಂತು ಬ್ರೇಕ್ ಆರಲು ಬಿಡಿ, ಬೆರಳುಗಳನ್ನೂ ಚೆನ್ನಾಗಿ ಉಜ್ಜಿಕೊಂಡು ಮುಂದೆ ಹೊರಡಿ.